ಎರಡು ಹೆಸರಿನ ಊರಿನಲ್ಲಿ ಮೂರು ವಾರ

ಬೆಲ್‌ಫಾಸ್ಟ್ ಬಸ್ ನಿಲ್ದಾಣ

ಹೋಗಬೇಕಾದ ಊರಿನ ಹೆಸರೇ ನನಗೆ ಸರಿಯಾಗಿ ಗೊತ್ತಿಲ್ಲ ಅನ್ನುವುದು ತಿಳಿದದ್ದು ಟಿಕೆಟ್ ಕೌಂಟರಿನ ಮುಂದೆ ನಿಂತಾಗ. ನನಗೆ ಬಂದ ಆಹ್ವಾನ ಪತ್ರದಲ್ಲಿ ‘ಡೆರಿ’ ಎಂದಿತ್ತು. ವೀಸಾ ಅರ್ಜಿಯ ಜೊತೆ ಇಡಲು ಅವರೇ ಕಳಿಸಿದ ಇನ್ನೊಂದು ಪತ್ರದಲ್ಲಿ ‘ಲಂಡನ್‌ಡೆರಿ’ ಎಂದಿತ್ತು. ಪಾಠ ಒಂದು ಊರಲ್ಲಿ, ವಾಸ ಇನ್ನೊಂದು ಊರಲ್ಲಿ ಇರಬೇಕು, ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಹಾಗೆ, ಎಂದುಕೊಂಡು ಎರಡಕ್ಕೂ ಒಂದೊಂದು ಟಿಕೆಟ್ ಕೇಳಿದೆ.

ಕೌಂಟರಿನಲ್ಲಿದ್ದ ನರೆಗೂದಲಿನ ಮನುಷ್ಯ ನನ್ನನ್ನೂ ನನ್ನ ಎರಡು ಪತ್ರಗಳನ್ನೂ ನೋಡಿದ.

“ಒಂದೇ ಸಾಕು” ಅಂದ.

“ಯಾವ ಊರಿಗೆ?”

“ನಿಮಗೆ ಯಾವ ಹೆಸರು ಇಷ್ಟವೋ ಅದಕ್ಕೆ. ಬಸ್ಸು ಒಂದೇ.”

ನಾನು ಗುಂಡ್ಲುಪೇಟೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು. ಹೆಸರು ಮಹದೇವಿ. ‘ಅಂತರರಾಷ್ಟ್ರೀಯ ಸಂಬಂಧಗಳು’ ಎಂಬ ವಿಷಯವನ್ನು ಹದಿನಾಲ್ಕು ವರ್ಷದಿಂದ ನಾನೇ ಪಾಠ ಮಾಡುತ್ತಿದ್ದೇನೆ. ಆ ಹದಿನಾಲ್ಕು ವರ್ಷದಲ್ಲಿ ನಾನು ದಾಟಿದ ಗಡಿಯೆಂದರೆ ಗುಂಡ್ಲುಪೇಟೆ ಪಕ್ಕದ ಮದ್ದೂರು ಚೆಕ್‌ಪೋಸ್ಟು. ಅದರಾಚೆ ಕಾಡು, ಕಾಡಿನಾಚೆ ಕೇರಳ. ಅವ್ವನ ಕಣ್ಣು ತೋರಿಸಲು ಎರಡು ಸಲ ಹೋಗಿ ಬಂದಿದ್ದೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ಇಷ್ಟೊಂದ್ ದೇಶದ್ ಬಗ್ಗೆ ಏಳ್ತೀರಲ್ಲ, ಯಾವ್ದಾದ್ರೂ ಒಂದ್ ನೋಡಿದ್ದೀರಾ?” ಎಂದು ಕೇಳಿದಳು. ಕುಚೋದ್ಯಕ್ಕೆ ಕೇಳಿದ್ದಲ್ಲ. ಅದಕ್ಕೇ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ದೇಶ ದೇಶಗಳ ಜಗಳವನ್ನು ಆರು ಬೇರೆ ಬೇರೆ ಶಾಸ್ತ್ರಗಳ ಕಡೆಯಿಂದ ಓದಿಸುವ ಮೂರು ವಾರದ ತರಬೇತಿಯೊಂದಕ್ಕೆ ಅರ್ಜಿ ಹಾಕಿದೆ. ಖರ್ಚು ಅವರದೇ ಎಂದು ಕರೆದೂ ಬಿಟ್ಟರು.

ನಮ್ಮ ಯಜಮಾನರು ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಾ ಹೇಳಿದ್ದು ಇಷ್ಟೇ: “ಜಗಳ ಕಲಿಯಾಕೆ ಅಷ್ಟ್ ದೂರ ಓಗ್ಬೇಕಾ ಕಣಮ್ಮಿ? ನಮ್ಮಟ್ಟೀಲೇ ಕಲೀಬೋದಿತ್ತಲ್ಲ.”

ಬಸ್ಸು ಹಸಿರು ಗುಡ್ಡಗಳ ನಡುವೆ ಹೋಯಿತು. ಕುರಿಗಳು, ಕಲ್ಲಿನ ಬದುಗಳು, ಮತ್ತೆ ಕುರಿಗಳು. ಒಂದು ಕಡೆ ಊರಿನ ಹೆಸರು ಹೇಳುವ ದೊಡ್ಡ ಫಲಕ ಬಂತು. ಅದರಲ್ಲಿ ‘ಲಂಡನ್’ ಅನ್ನುವಷ್ಟಕ್ಕೆ ಯಾರೋ ಕಪ್ಪು ಬಣ್ಣ ಬಳಿದಿದ್ದರು. ಬಂದಾಗಿನಿಂದ ಮೊದಲ ಬಾರಿಗೆ ಒಂದು ವಿಷಯ ಅರ್ಥವಾಯಿತು ಅನ್ನಿಸಿತು. ನಮ್ಮ ಕಡೆಯೂ ಕಾವೇರಿ ಗಲಾಟೆ ಎದ್ದಾಗ ತಮಿಳು ಬೋರ್ಡುಗಳಿಗೆ ಡಾಂಬರು ಬಳಿಯುತ್ತಾರೆ.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನ ಹತ್ತಿರ ನಿಂತು ಥ್ಯಾಂಕ್ಯೂ ಹೇಳಿ ಇಳಿದರು. ಮುದುಕಿಯರು, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯರು, ಎಲ್ಲರೂ. ಅವನಿಗೆ ಇವತ್ತು ನಿವೃತ್ತಿಯಿರಬೇಕು ಎಂದುಕೊಂಡು ನಾನು ಕೈ ಮುಗಿದು, ಮುಂದಿನ ಜೀವನ ಚೆನ್ನಾಗಿರಲಿ ಎಂದು ಹಾರೈಸಿ ಇಳಿದೆ. ಅವನು ಬಹಳ ಹೊತ್ತು ನನ್ನ ಕಡೆಯೇ ನೋಡುತ್ತಿದ್ದ. ಇಲ್ಲಿ ದಿನವೂ ಹಾಗೆಯೇ ಇಳಿಯುತ್ತಾರೆ ಅನ್ನುವುದು ಎರಡು ದಿನದ ಮೇಲೆ ತಿಳಿಯಿತು.

ನೋರಾ ಮನೆ

ನನ್ನ ವಾಸಕ್ಕೆ ಗೊತ್ತು ಮಾಡಿದ್ದು ನೋರಾ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆಯಲ್ಲಿ ಅಡಿಗೆ ಮಾಡಿ ನಿವೃತ್ತಿಯಾದವರು. ಬಾಗಿಲು ತೆಗೆದ ಕೂಡಲೇ ಚಹಾ ಕೊಟ್ಟರು, ಹಾಲು ಹಾಕಿದ ಚಹಾ. ಆ ಒಂದು ಲೋಟದಲ್ಲಿ ನನ್ನ ಅರ್ಧ ಭಯ ಹೋಯಿತು. ನೋರಾಗೆ ಎಲ್ಲವೂ ‘ಪುಟ್ಟದು’: ಪುಟ್ಟ ಚಹಾ, ಪುಟ್ಟ ಮಾತು, ಪುಟ್ಟ ಮಳೆ. ಪುಟ್ಟ ಮಳೆಯಲ್ಲಿ ನನ್ನ ಛತ್ರಿ ಮುರಿದುಹೋಯಿತು.

ಮೊದಲ ದಿನ ಹೆಸರು ಬರೆದುಕೊಳ್ಳಲು ಒಂದೊಂದೇ ಅಕ್ಷರ ಹೇಳು ಎಂದರು. ಎಂ, ಎ, ಎಚ್, ಎನ್ನುವಷ್ಟರಲ್ಲಿ ನೋರಾ ಪೆನ್ನು ನಿಲ್ಲಿಸಿ ನಕ್ಕರು.

“ನೀನು ನದಿಯ ಆ ಕಡೆಯವಳು ಅಂತಾಯಿತು” ಅಂದರು.

ನನಗೆ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಈ ಊರಿನ ನಡುವೆ ನದಿಯಿದೆ. ಈ ದಡದಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಇದು ಐರ್ಲೆಂಡಿಗೆ ಸೇರಬೇಕಾದ ಊರು, ಹೆಸರು ಡೆರಿ ಅನ್ನುವವರು. ಆ ದಡದಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ಈಗಿರುವ ಹಾಗೆ ಬ್ರಿಟನ್ನಿನ ಜೊತೆಗೇ ಇರಬೇಕು, ಹೆಸರು ಲಂಡನ್‌ಡೆರಿ ಅನ್ನುವವರು. ಮೂವತ್ತು ವರ್ಷ ಇದಕ್ಕಾಗಿ ಒಬ್ಬರನ್ನೊಬ್ಬರು ಕೊಂದರು. ನೋಡಲು ಎಲ್ಲರೂ ಒಂದೇ ಥರ, ಆಡುವ ಭಾಷೆಯೂ ಒಂದೇ. ಆದರೆ ಆ ಒಂದು ಅಕ್ಷರವನ್ನು ಈ ಕಡೆಯವರು ‘ಹೆಚ್’ ಎಂದೂ ಆ ಕಡೆಯವರು ‘ಎಚ್’ ಎಂದೂ ಹೇಳುತ್ತಾರೆ. ಹಿಂದೆ ಗೊತ್ತಿಲ್ಲದ ರಸ್ತೆಯಲ್ಲಿ ಯಾರಾದರೂ ತಡೆದು ಅಕ್ಷರಮಾಲೆ ಹೇಳು ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತಂತೆ.

ಚಾಮರಾಜನಗರದ ಪಕ್ಕದ ನನ್ನ ತವರು ಕುದೇರಿನಲ್ಲಿ ಹಕಾರವೇ ಇಲ್ಲ. ಹಾಲು ಆಲು, ಹಟ್ಟಿ ಅಟ್ಟಿ, ಮಹದೇವಿ ಮಾದೇವಿ. ಮೈಸೂರಿನಲ್ಲಿ ಎಂ.ಎ. ಓದುವಾಗ ಅದಕ್ಕೆ ನನ್ನನ್ನು ನೋಡಿ ನಗುತ್ತಿದ್ದರು, ಅಷ್ಟೇ. ಅದೇ ಅಕ್ಷರಕ್ಕೆ ಹೆದರಿ ಬದುಕಿದ ಜನ ಇದ್ದಾರೆ ಎಂದು ಕೇಳಿ ಅಂದು ಸರಿಯಾಗಿ ಊಟ ಸೇರಲಿಲ್ಲ. ಊಟದ ಹೊತ್ತು ಯಾವುದೆಂದೂ ಗೊತ್ತಾಗಲಿಲ್ಲ ಅನ್ನಿ. ರಾತ್ರಿ ಒಂಬತ್ತು ಗಂಟೆಗೂ ಬಿಸಿಲಿತ್ತು.

ಮೊದಲ ವಾರ, ತರಗತಿ

ನಾವು ಒಂಬತ್ತು ದೇಶದ ಹತ್ತು ಜನ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತವಳು ಸೆಲ್ವಿ, ಶ್ರೀಲಂಕಾದ ಜಾಫ್ನಾದ ಕಡೆಯವಳು, ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಗಡಿ ಜಿಲ್ಲೆಯವಳಾದ್ದರಿಂದ ನನಗೆ ತಮಿಳು ತಿಳಿಯುತ್ತದೆ. ಆದರೆ ಅವಳ ತಮಿಳು ನಾನು ಕೇಳಿದ ತಮಿಳಾಗಿರಲಿಲ್ಲ. ಅವಳಿಗೂ ನನ್ನ ತಮಿಳು ತಮಿಳೆನ್ನಿಸಲಿಲ್ಲ. ಆದರೂ ಮೊದಲ ದಿನದಿಂದಲೇ ನನ್ನನ್ನು ಅಕ್ಕಾ ಎಂದಳು. ಇಬ್ಬರೂ ಒಂದೇ ಉಪ್ಪಿನಕಾಯಿ ಬಾಟಲಿ ಹಂಚಿಕೊಂಡು ಬದುಕಿದೆವು.

ದಿನಕ್ಕೊಬ್ಬರು ಪಾಠ ಮಾಡುತ್ತಿದ್ದರು. ಸೋಮವಾರ ಇತಿಹಾಸದವರು ಬಂದು ಈ ಊರಿನ ಜಗಳ ನಾನೂರು ವರ್ಷದ ಹಿಂದೆ ಹೊಲ ಕಿತ್ತುಕೊಂಡದ್ದರಿಂದ ಶುರುವಾಯಿತು ಎಂದರು. ನಾನು ಒಪ್ಪಿ ಬರೆದುಕೊಂಡೆ. ಮಂಗಳವಾರ ಅರ್ಥಶಾಸ್ತ್ರದವರು ಬಂದು, ಹೊಲವಲ್ಲ, ಕೆಲಸ ಮತ್ತು ಮನೆ ಹಂಚಿದ ರೀತಿ ಎಂದರು. ಅದನ್ನೂ ಒಪ್ಪಿದೆ. ಬುಧವಾರದ ಕಾನೂನಿನವರು ಎಲ್ಲವೂ ಓಟಿನ ಹಕ್ಕಿನ ಮಾತು ಎಂದರು. ಗುರುವಾರ ಮನಶ್ಶಾಸ್ತ್ರದ ಹೆಂಗಸು, ಅದ್ಯಾವುದೂ ಅಲ್ಲ, ಮನುಷ್ಯನಿಗೆ ‘ನಾವು’ ಅನ್ನಲು ಒಂದು ‘ಅವರು’ ಬೇಕು, ಅಷ್ಟೇ ಎಂದರು. ಶುಕ್ರವಾರ ಭೂಗೋಳದವರು ಒಂದು ನಕ್ಷೆ ಹರಡಿ ಗೋಡೆಗಳನ್ನು ತೋರಿಸಿ, ಜಗಳದಿಂದ ಗೋಡೆ ಬಂದದ್ದಲ್ಲ, ಗೋಡೆಯಿಂದ ಜಗಳ ಉಳಿದದ್ದು ಎಂದರು.

ಗುಂಡ್ಲುಪೇಟೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಹೀಗೆಯೇ ಆಗುತ್ತದೆ. ಅತ್ತೆ ದೃಷ್ಟಿ ಅನ್ನುತ್ತಾರೆ, ಮೆಡಿಕಲ್ ಸ್ಟೋರಿನವನು ಗ್ಯಾಸ್ಟ್ರಿಕ್ ಅನ್ನುತ್ತಾನೆ, ಪಕ್ಕದ ಮನೆಯವರು ಹರಕೆ ತೀರಿಸಿಲ್ಲ ಅನ್ನುತ್ತಾರೆ. ನೋವಿರುವವನು ಎಲ್ಲರಿಗೂ ಹೂಂ ಅನ್ನುತ್ತಾನೆ. ನಾನೂ ಹೂಂ ಅನ್ನುತ್ತಿದ್ದೆ. ವಾರದ ಕೊನೆಗೆ ನನ್ನ ಪುಸ್ತಕದಲ್ಲಿ ಐದು ಕಾರಣಗಳಿದ್ದವು, ಒಂದಕ್ಕೊಂದು ಆಗದವು. ಹದಿನಾಲ್ಕು ವರ್ಷ ನಾನು ಮಕ್ಕಳಿಗೆ ಬೋರ್ಡಿನ ಮೇಲೆ ‘ಯುದ್ಧಕ್ಕೆ ಕಾರಣಗಳು’ ಎಂದು ಬರೆದು ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದು ನೆನಪಾಗಿ ನಾಚಿಕೆಯಾಯಿತು.

ಶನಿವಾರ, ಬಂಕ್ರಾನಾ

ರಜೆಯ ದಿನ ಸಮುದ್ರ ನೋಡಬೇಕು ಎಂದೆ. “ಬಂಕ್ರಾನಾಗೆ ಹೋಗು. ನಾನೂ ವಾರಕ್ಕೊಂದು ಸಲ ಈಜಲು ಹೋಗುತ್ತೇನೆ. ಅರ್ಧ ಗಂಟೆ ಬಸ್ಸು” ಎಂದರು ನೋರಾ. ಸೆಲ್ವಿಗೆ ಜ್ವರ. ಒಬ್ಬಳೇ ಹೊರಟೆ.

ದಾರಿಯಲ್ಲಿ ರಸ್ತೆಯಂಚಿನ ಬಿಳಿ ಗೆರೆ ಹಳದಿಯಾಯಿತು. ಫಲಕಗಳಲ್ಲಿ ಇಂಗ್ಲಿಷಿನ ಮೇಲೆ ಓದಲಾಗದ ಇನ್ನೊಂದು ಭಾಷೆ ಬಂತು. ಮೊಬೈಲು ಕುಂಯ್ ಎಂದಿತು. ತೆಗೆದು ನೋಡಿದರೆ ‘ಐರ್ಲೆಂಡಿಗೆ ಸ್ವಾಗತ’. ನಾನು ವಾರದಿಂದ ಇಲ್ಲೇ ಇದ್ದೇನೆ, ಈಗೇಕೆ ಸ್ವಾಗತ ಎಂದುಕೊಂಡೆ. ಇಳಿದು ಅಂಗಡಿಯಲ್ಲಿ ಒಂದು ಬನ್ನು ಕೊಂಡು ಪೌಂಡು ಕೊಟ್ಟೆ. ಅಂಗಡಿಯಾಕೆ ತೆಗೆದುಕೊಂಡು ಚಿಲ್ಲರೆಯನ್ನು ಯೂರೋದಲ್ಲಿ ಕೊಟ್ಟಳು.

“ಇದು ಯಾವ ದೇಶ?” ಎಂದು ಕೇಳಿದೆ.

“ಐರ್ಲೆಂಡ್.”

“ನಾನು ಬಂದದ್ದು ಡೆರಿಯಿಂದ. ಅದು?”

“ಅದೂ ಐರ್ಲೆಂಡೇ” ಎಂದಳು ಆಕೆ. ಪತ್ರಿಕೆ ಕೊಳ್ಳುತ್ತಿದ್ದ ಮುದುಕ ತಲೆಯೆತ್ತದೆ, “ಅದು ನೀವು ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ” ಎಂದ.

ಆಗ ನನಗೆ ಹೊಳೆಯಿತು. ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದಾಗ ಒಂದು ದೇಶ ಮುಗಿದು ಇನ್ನೊಂದು ಶುರುವಾಗಿತ್ತು. ನನ್ನ ವೀಸಾ ಮೊದಲನೆಯದಕ್ಕೆ, ಬ್ರಿಟನ್ನಿಗೆ. ಎರಡನೆಯದಕ್ಕೂ ಸಲ್ಲುತ್ತದೆಯೇ ಎಂದು ನನಗೆ ಗೊತ್ತಿರಲಿಲ್ಲ. ಪಾಸ್‌ಪೋರ್ಟು ನೋರಾ ಮನೆಯ ಮೇಜಿನ ಡ್ರಾಯರಿನಲ್ಲಿತ್ತು. ಅಂತರರಾಷ್ಟ್ರೀಯ ಸಂಬಂಧಗಳ ಉಪನ್ಯಾಸಕಿ ಅಕ್ರಮವಾಗಿ ಗಡಿ ದಾಟಿ ಸಿಕ್ಕಿಬಿದ್ದಳು ಎಂದು ನಮ್ಮ ಜಿಲ್ಲಾ ಪತ್ರಿಕೆಯಲ್ಲಿ ಬಂದರೆ ಹೇಗಿರುತ್ತದೆ ಎಂದು ಯೋಚಿಸುತ್ತಾ ಸಮುದ್ರದ ಮುಂದೆ ಎರಡು ಗಂಟೆ ಕೂತೆ. ಸಮುದ್ರ ಯಾವ ಬಣ್ಣದಲ್ಲಿತ್ತು ಎಂದು ಕೇಳಿದರೆ ಹೇಳಲಾರೆ. ಪೊಲೀಸರಂತೆ ಕಂಡವರೆಲ್ಲ ನಾಯಿ ತಿರುಗಾಡಿಸಲು ಬಂದವರು.

ಮರಳುವ ಬಸ್ಸಿನಲ್ಲಿ ಕಣ್ಣು ಪಿಳುಕಿಸದೆ ಗಡಿಯನ್ನು ಹುಡುಕಿದೆ. ಮದ್ದೂರಿನಲ್ಲಾದರೆ ಗೇಟಿದೆ, ಕೋಲು ಹಿಡಿದ ಗಾರ್ಡ್ ಇದ್ದಾನೆ, ಡಿಕ್ಕಿ ತೆಗೆಸುತ್ತಾರೆ, ಸಂಜೆ ತಡವಾದರೆ ಬಿಡುವುದೇ ಇಲ್ಲ. ಅದು ಒಂದೇ ದೇಶದ ಎರಡು ರಾಜ್ಯಗಳ ನಡುವೆ. ಇಲ್ಲಿ ಎರಡು ದೇಶಗಳ ನಡುವೆ ಒಂದು ಪೆಟ್ರೋಲ್ ಬಂಕು, ಒಂದು ಕುರಿ ಮಂದೆ. ಹಳದಿ ಗೆರೆ ಮತ್ತೆ ಬಿಳಿಯಾಯಿತು. ಇಳಿಯುವಾಗ ಎಲ್ಲರಿಗಿಂತ ಜೋರಾಗಿ ನಾನು ಡ್ರೈವರನಿಗೆ ಥ್ಯಾಂಕ್ಯೂ ಹೇಳಿದೆ.

ಸೋಮವಾರ

ಮುಚ್ಚಿಟ್ಟುಕೊಳ್ಳುವ ಧೈರ್ಯ ಇಲ್ಲದೆ ತರಗತಿಯಲ್ಲಿ ಹೇಳಿಬಿಟ್ಟೆ. ಆ ದಿನ ಎಲ್ಲ ಶಾಸ್ತ್ರದವರೂ ಒಟ್ಟಿಗೆ ಕೂತಿದ್ದರು. ನಾನು ಗಡಿ ದಾಟಿದೆನೋ ಇಲ್ಲವೋ ಎಂಬುದೇ ಒಂದು ಗಂಟೆಯ ಚರ್ಚೆಯಾಯಿತು. ಕಾನೂನಿನವರು ನನ್ನ ವೀಸಾ ತರಿಸಿ ಅದರ ಮೂಲೆಯ ಅಕ್ಷರಗಳನ್ನು ಕನ್ನಡಕ ಮೇಲೆತ್ತಿ ನೋಡಿ, ಬಹುಶಃ ತಪ್ಪಿಲ್ಲ, ಆದರೂ ಕೇಳಿ ಹೇಳುತ್ತೇನೆ ಎಂದರು. ಅರ್ಥಶಾಸ್ತ್ರದವರು, ನಿಮ್ಮ ಪೌಂಡನ್ನು ಅಂಗಡಿಯವಳು ತೆಗೆದುಕೊಂಡ ಮೇಲೆ ಗಡಿ ಎಲ್ಲಿದೆ ಎಂದರು. ಮನಶ್ಶಾಸ್ತ್ರದವರು, ನಿಮಗೆ ಹೆದರಿಕೆಯಾದ ಜಾಗವೇ ಗಡಿ ಎಂದರು. ಹಾಗಾದರೆ ಅದು ಬನ್ನಿನ ಅಂಗಡಿಯ ಒಳಗಿತ್ತು.

ಅಂದು ಮೊದಲ ಬಾರಿಗೆ ಬಂದಿದ್ದ ಹೆಲನ್ ಎಂಬ ಮಾನವಶಾಸ್ತ್ರದವರು ಮಾತ್ರ ಉತ್ತರ ಹೇಳದೆ ನನ್ನನ್ನೇ ಕೇಳಿದರು: “ಅಲ್ಲಿಗೆ ಹೋಗು ಅಂದವರು ಯಾರು?”

“ನೋರಾ, ನಾನಿರುವ ಮನೆಯವರು.”

“ಅದು ಬೇರೆ ದೇಶ ಅಂತ ಅವರು ಹೇಳಲಿಲ್ಲವೇ?”

“ಇಲ್ಲ.”

“ಅವರು ದಾಟದ ಜಾಗ ಯಾವುದಾದರೂ ಇದೆಯಾ, ವಿಚಾರಿಸಿ.”

ಸಂಜೆ ನೋರಾ ಆಲೂಗಡ್ಡೆ ಹೆಚ್ಚುತ್ತಿದ್ದರು. ನದಿಯ ಮೇಲೆ ಕಾಲ್ನಡಿಗೆಯವರಿಗೆಂದೇ ಕಟ್ಟಿದ ಚಂದದ ಸೇತುವೆಯಿದೆ. ನಾನು ದಿನವೂ ಆ ದಡಕ್ಕೆ ಅಡ್ಡಾಡಲು ಹೋಗುತ್ತಿದ್ದೆ. ಅಲ್ಲಿ ಕೆಲವು ಬೀದಿಗಳಲ್ಲಿ ಫುಟ್‌ಪಾತಿನ ಅಂಚಿನ ಕಲ್ಲುಗಳಿಗೆಲ್ಲ ಬ್ರಿಟಿಷ್ ಬಾವುಟದ ಕೆಂಪು ಬಿಳಿ ನೀಲಿ ಬಳಿದಿದ್ದರು. ಮೊದಲ ದಿನ, ಯಾವ ಹಬ್ಬ ಎಂದು ಒಬ್ಬರನ್ನು ಕೇಳಿ ಪೆಚ್ಚಾಗಿದ್ದೆ. “ನೋರಾ, ನೀವು ಆ ಕಡೆ ಹೋಗುತ್ತೀರಾ?” ಎಂದೆ.

“ಸೇತುವೆಯ ಮೇಲೆ ಹೋಗಿದ್ದೇನೆ, ಅದು ಕಟ್ಟಿದ ವರ್ಷ.”

“ಸೇತುವೆ ದಾಟಿ?”

ಚಾಕು ನಿಂತಿತು. “ಅಲ್ಲಿ ನನಗೇನು ಕೆಲಸ?” ಎಂದರು. ಮತ್ತೆ ಹೆಚ್ಚತೊಡಗಿ, “ಅವರ ಮೇಲೆ ನನಗೆ ಕೋಪವಿಲ್ಲ, ಮಗು. ಬರೀ ಅಭ್ಯಾಸವಿಲ್ಲ” ಎಂದರು.

ವಾರಕ್ಕೊಂದು ಸಲ ಇನ್ನೊಂದು ದೇಶಕ್ಕೆ ಈಜಲು ಹೋಗುವ ಹೆಂಗಸು ಹತ್ತು ನಿಮಿಷ ನಡೆದು ಎದುರು ದಡಕ್ಕೆ ಹೋಗಿಲ್ಲ. ಇದನ್ನು ನೆನೆದು ನಗಬೇಕು ಅನ್ನಿಸಿದ ಹೊತ್ತಿಗೇ ಕುದೇರಿನಲ್ಲಿ ನಾನು ಹುಟ್ಟಿ ಬೆಳೆದೂ ಕಾಲಿಡದ ಒಂದು ಬೀದಿ ಇರುವುದು ನೆನಪಾಯಿತು. ಅಲ್ಲೂ ಯಾರೂ ಬೇಡ ಎಂದಿರಲಿಲ್ಲ. ಅಭ್ಯಾಸವಿರಲಿಲ್ಲ.

ನನ್ನ ಸರದಿ

ಕೊನೆಯ ವಾರ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಜಗಳದ ಬಗ್ಗೆ ಮಾತಾಡಬೇಕು. ನಾನು ಗುಂಡ್ಲುಪೇಟೆಯಿಂದಲೇ ಕಾವೇರಿ ನೀರಿನ ಬಗ್ಗೆ ಇಪ್ಪತ್ತು ಪುಟ ಬರೆದು ತಂದಿದ್ದೆ. ಒಪ್ಪಂದಗಳು, ತೀರ್ಪುಗಳು, ಒಕ್ಕೂಟ ವ್ಯವಸ್ಥೆ, ಎಲ್ಲ ಇತ್ತು. ಓದಿ ಮುಗಿಸಿದೆ. ಶಾಸ್ತ್ರದವರಲ್ಲಿ ಐದು ಜನ ತಲೆಯಾಡಿಸಿದರು. ಹೆಲನ್ ಮಾತ್ರ, “ಚೆನ್ನಾಗಿದೆ. ಆದರೆ ಇದರಲ್ಲಿ ಮನುಷ್ಯರು ಯಾರೂ ಇಲ್ಲವಲ್ಲ” ಎಂದರು.

“ಒಬ್ಬ ಲಾರಿ ಡ್ರೈವರ್ ಇದ್ದ” ಎಂದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬಂದ ಮೇಲೆ ನಿಲ್ಲಿಸಲಾಗಲಿಲ್ಲ.

ನಮ್ಮಪ್ಪ ಕುದೇರಿನಲ್ಲಿ ಅರಿಸಿನ ಬೆಳೆಯುತ್ತಿದ್ದರು. ನಮ್ಮ ಕಡೆಯ ಅರಿಸಿನ ಹೋಗುವುದು ತಮಿಳುನಾಡಿನ ಈರೋಡಿಗೆ. ಪ್ರತಿ ವರ್ಷ ಅದನ್ನು ತುಂಬಿಕೊಂಡು ಹೋಗುತ್ತಿದ್ದವರು ಸಾಮಿಯಣ್ಣ. ಇದು ಅವರ ನಿಜವಾದ ಹೆಸರಲ್ಲ. ಊರು ಗಡಿಯಾಚೆಯ ತಾಳವಾಡಿ ಪಕ್ಕ. ಅಲ್ಲಿ ಜನ ಮನೆಯಲ್ಲಿ ಆಡುವುದು ಕನ್ನಡವೇ. ನನಗೆ ಬರುವಾಗಲೆಲ್ಲ ಕಡಲೆ ಮಿಠಾಯಿ ತರುತ್ತಿದ್ದರು. ನಾನು ಚಾಮರಾಜನಗರದಲ್ಲಿ ಪಿಯುಸಿ ಓದುವಾಗ ಒಂದು ವರ್ಷ ಕಾವೇರಿ ಗಲಾಟೆ ಜೋರಾಯಿತು. ಸಾಮಿಯಣ್ಣ ಲಾರಿ ತುಂಬಿಸಿಕೊಂಡು ನಮ್ಮೂರಿನಲ್ಲೇ ಸಿಕ್ಕಿಕೊಂಡರು. ಅಪ್ಪ ಲಾರಿಯನ್ನು ಬಾಳೆತೋಟದ ಒಳಗೆ ನಿಲ್ಲಿಸಿ, “ಎರಡ್ ದಿನ ಇಲ್ಲೇ ಇದ್ಬುಡು” ಎಂದರು.

ಆ ದಿನ ನಾವು ಹುಡುಗಿಯರೂ ಮೆರವಣಿಗೆಗೆ ಹೋಗಿದ್ದೆವು. ವಾಪಸು ಬರುವ ಬಸ್ಸಿನಲ್ಲಿ ಎಲ್ಲರೂ ಅಲ್ಲಿ ಆ ಲಾರಿ ತಡೆದರು, ಇಲ್ಲಿ ಈ ಲಾರಿ ತಡೆದರು ಅನ್ನುತ್ತಿದ್ದರು. ನಾನು, “ನಮ್ ತೋಟ್ದಲ್ಲೇ ಒಂದ್ ತಮಿಳ್ನಾಡ್ ಲಾರಿ ಅದೆ” ಎಂದೆ.

ಮಾರನೆಯ ಬೆಳಿಗ್ಗೆ ಇಪ್ಪತ್ತು ಮೂವತ್ತು ಜನ ಬಂದರು. ಗಾಜು ಒಡೆದರು. ಮೂಟೆ ಕೊಯ್ದು ಅರಿಸಿನವನ್ನು ರಸ್ತೆಗೆ ಚೆಲ್ಲಿದರು. ಸಾಮಿಯಣ್ಣನನ್ನು ಮೊಣಕಾಲೂರಿಸಿ ಕನ್ನಡಕ್ಕೆ ಜೈ ಅನ್ನು ಎಂದರು. ಅವರು ಅಂದರು. ಅಂದವರ ಕನ್ನಡ ಗಾಜು ಒಡೆದವರ ಕನ್ನಡದ ಹಾಗೆಯೇ ಇತ್ತು. ಅಪ್ಪ ಕೈ ಮುಗಿದು ನಿಂತಿದ್ದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ. ಸಾಮಿಯಣ್ಣ ಮತ್ತೆ ನಮ್ಮೂರಿಗೆ ಬರಲಿಲ್ಲ. ಯಾರು ಹೇಳಿದ್ದು ಎಂದು ಅಪ್ಪ ಯಾವತ್ತೂ ಕೇಳಲಿಲ್ಲ.

ಇಷ್ಟನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿ ಕೂತೆ. ಕಾನೂನಿನವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಪಕ್ಕಕ್ಕೆ ತಿರುಗಿದರೆ ಸೆಲ್ವಿ ತನ್ನ ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದಳು.

ಸೇತುವೆ

ಆ ಮಧ್ಯಾಹ್ನ ಅವಳು ಊಟಕ್ಕೆ ನನ್ನ ಜೊತೆ ಕೂರಲಿಲ್ಲ. ಮಾರನೆಯ ದಿನವೂ ಇಲ್ಲ. ಉಪ್ಪಿನಕಾಯಿ ಬಾಟಲಿ ನನ್ನ ಚೀಲದಲ್ಲಿತ್ತು. ಒಬ್ಬಳೇ ತೆಗೆಯಲು ಮನಸ್ಸಾಗಲಿಲ್ಲ. ನಾನು ತಮಿಳರಿಗೆ ಮಾಡಿದ್ದಕ್ಕೆ ಕೋಪವೋ, ಅಥವಾ ನನ್ನ ಲಾರಿ ಗಾಜಿನ ಕಥೆ ಅವಳು ಕಂಡ ಯುದ್ಧದ ಮುಂದೆ ಆಟದಂತೆ ಕಂಡಿತೋ, ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಮೂರನೆಯ ದಿನ ಸೇತುವೆಯ ಮೇಲೆ ಸಿಕ್ಕಳು. ನಾನೇ ನಿಂತೆ. ಅವಳೂ ನಿಂತಳು.

“ಅಕ್ಕಾ, ಕೋಪ ಅಲ್ಲ” ಎಂದಳು. “ನಾನು ಚಿಕ್ಕವಳಿದ್ದಾಗ ಬಂದೂಕು ಹಿಡಿದವರು ನಮ್ಮ ಮನೆಗೆ ಬಂದು ಮಾಮನನ್ನು ಕರೆದುಕೊಂಡು ಹೋದರು. ಯಾರೋ ಮನೆ ತೋರಿಸಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬೀದಿಯಲ್ಲಿ ಯಾರನ್ನು ನೋಡಿದರೂ ಅಮ್ಮ ಇವರೇ ಇರಬಹುದಾ ಅನ್ನುತ್ತಿದ್ದಳು. ಮನೆ ತೋರಿಸುವವರು ಹೇಗಿರುತ್ತಾರೆ ಅಂತ ನಾನು ಎಷ್ಟೋ ಸಲ ಊಹಿಸಿದ್ದೆ. ನಿಮ್ಮ ಹಾಗೆ ಇರುತ್ತಾರೆ ಅಂತ ಊಹಿಸಿರಲಿಲ್ಲ. ಅದಕ್ಕೆ ಸ್ವಲ್ಪ ದಿನ ಬೇಕಾಯಿತು.”

ಕ್ಷಮಿಸು ಅನ್ನಲು ನಾನು ತೋರಿಸಿದ್ದು ಅವಳ ಮನೆಯಲ್ಲ. ಸುಮ್ಮನಿರಲು ಅವಳು ನಿಂತದ್ದು ನನ್ನ ಮುಂದೆ.

“ನೀವು ಅವರನ್ನು ಹುಡುಕಿ ಹೇಳಿದಿರಾ?” ಎಂದಳು.

“ಇಲ್ಲ.”

“ಬದುಕಿದ್ದರೆ ಹೇಳಿ. ಗೊತ್ತಿಲ್ಲದೆ ಇರುವುದು ಬಹಳ ಕಷ್ಟ, ಅಕ್ಕಾ.”

ಆ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಊಟದ ಹೊತ್ತು. ಅಷ್ಟು ದೂರದಿಂದ, ಮುಖ ಕಾಣದೆ, ಹೇಳಿಬಿಟ್ಟೆ.

ಅಪ್ಪ, “ನೀನೊಬ್ಳೇ ಏಳ್ಬುಟ್ಟೆ ಅನ್ಕಂಡಿದ್ದೀಯಾ ಕಣವ್ವ? ನಿನ್ ದೊಡ್ಡಪ್ಪನೂ ಡೈರಿ ತಾವ ಏಳಿದ್ದ” ಎಂದರು. ಹಿಂದಿನಿಂದ ಅವ್ವ, “ಯಾರೂ ಏಳ್ಬೇಕಾಗಿರ್ನಿಲ್ಲ. ಬಾಳೆ ಸಂದೀಲಿ ಲಾರಿ ಬಚ್ಚಿಟ್ರೆ ಕಾಣಕಿಲ್ವಾ” ಎಂದರು. ಇಬ್ಬರೂ ಅದರ ಮೇಲೆ ವಾದಕ್ಕೆ ಬಿದ್ದರು. ಇಪ್ಪತ್ತು ಚಿಲ್ಲರೆ ವರ್ಷ ನನ್ನದು ಎಂದು ಹೊತ್ತುಕೊಂಡದ್ದು ಈಗ ಮೂರು ಪಾಲಾಗಿತ್ತು. ಹಗುರವಾಗಬೇಕಿತ್ತು. ಯಾಕೋ ಆಗಲಿಲ್ಲ.

“ಸಾಮಿಯಣ್ಣ ಇದ್ದಾರಾ ಅಪ್ಪ?”

“ಅವ್ನೆ. ಅಟ್ಟಿ ಗೊತ್ತು ನಂಗೆ. ಅವ್ನು ಇಲ್ಗೆ ಬರ್ನಿಲ್ಲ, ನಾನ್ ಅಲ್ಗೆ ಓಯ್ತಿದ್ದೆ” ಎಂದರು ಅಪ್ಪ. ಅದು ನನಗೆ ಗೊತ್ತೇ ಇರಲಿಲ್ಲ.

ಹೊರಡುವ ದಿನ ನೋರಾ ಬಸ್ ನಿಲ್ದಾಣದ ತನಕ ಬಂದರು. ಕಾನೂನಿನವರು ಕೇಳಿ ಹೇಳುತ್ತೇನೆ ಎಂದದ್ದು ಕೇಳಿ ಹೇಳಲಿಲ್ಲ. ನಾನು ಗಡಿ ದಾಟಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ತಾಳವಾಡಿ

ಬಂದ ಕೂಡಲೇ ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಅತ್ತೆಯ ಮಂಡಿನೋವು ಎಂದು ನೆಪ ಹೇಳಿಕೊಂಡು ಡಿಸೆಂಬರ್ ಬಂತು. ಒಂದು ಭಾನುವಾರ ಚಾಮರಾಜನಗರದಲ್ಲಿ ಬಸ್ಸು ಹತ್ತಿ ಹೋದೆ. ಬೋರ್ಡುಗಳು ತಮಿಳಾದವು, ಜನರ ಮಾತು ಕನ್ನಡವಾಗಿಯೇ ಉಳಿಯಿತು.

ಸಾಮಿಯಣ್ಣ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಯಾರ ಮಗಳೆಂದು ಹೇಳಿದ ಮೇಲೆ ಗುರುತು ಹಿಡಿದು, ಜಾಗ ಮಾಡಿ ಕೂರಿಸಿದರು. ನಾನು ಆ ಗಲಾಟೆಯ ವಿಷಯ ಎತ್ತಿದೆ.

“ಯಾವ್ದವ್ವ? ನಿಮ್ಮೂರ್ದಾ, ಗಾಟಿ ಕೆಳ್ಗಡೇದಾ?” ಎಂದರು.

“ಗಾಟಿ ಕೆಳಗಡೆಯದು ಯಾವುದು?”

“ನಿಮ್ಮೂರಿಂದ ಬಂದ್ ಎಂಟ್ ದಿನುಕ್ಕೆ, ಗಾಟಿ ಇಳ್ದು ಈರೋಡ್ ದಾರೀಲಿ. ಅಲ್ಲಿ ಲಾರಿ ನಂಬ್ರು ನೋಡ್ನಿಲ್ಲ, ಬಾಯಿ ನೋಡುದ್ರು. ಟೀ ಅಂಗ್ಡೀಲಿ ನಮ್ ಭಾವಮೈದನ್ ತಾವ ಕನ್ನಡ್ದಲ್ಲಿ ಮಾತಾಡ್ಬುಟ್ಟೆ.” ಬೆರಳಿನಿಂದ ಹುಬ್ಬಿನ ಮೇಲಿನ ಗೆರೆ ತೋರಿಸಿದರು. “ಇದು ಅಲ್ಲೀದು. ನಿಮ್ಮೂರ್ದು ಬರೀ ಗಾಜು.”

“ಲಾರಿ ಎಲ್ಲಿದೆ ಅಂತ ಬಸ್ಸಲ್ಲಿ ಹೇಳಿದ್ದು ನಾನು, ಸಾಮಿಯಣ್ಣ” ಎಂದೆ.

ಅವರ ಕೈ ನಿಂತಿತು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

“ಯಾಕವ್ವ ಏಳ್ದೆ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕಿತ್ತು ಅವರಿಗೆ.

ನನ್ನ ಪುಸ್ತಕದಲ್ಲಿ ಬರೆದುಕೊಂಡ ಕಾರಣಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆ ಬಸ್ಸು ಮಾತ್ರ ನೆನಪಾಯಿತು. “ಎಲ್ಲರೂ ಏನೇನೋ ಹೇಳುತ್ತಿದ್ದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಅದು ಹೇಳಿದ ಕೂಡಲೇ ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅದಕ್ಕೆ ಮುಂಚೆ ಯಾರೂ ನನ್ನ ಮಾತು ಕೇಳಿಸಿಕೊಂಡಿರಲಿಲ್ಲ” ಎಂದೆ.

ಸಾಮಿಯಣ್ಣ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು.

“ಅಷ್ಟೇಯಾ?” ಎಂದರು. “ಏನೋ ದೊಡ್ಡದಿರ್ಬೇಕು ಅನ್ಕಂಡಿದ್ದೆ ಕಣವ್ವ, ಇಷ್ಟ್ ವರ್ಷ.”

ಅವರ ಮುಖದಲ್ಲಿದ್ದದ್ದು ಸಮಾಧಾನವೋ ಬೇಸರವೋ ನನಗೆ ತಿಳಿಯಲಿಲ್ಲ. ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿ ಮತ್ತೆ ಸುಲಿಯತೊಡಗಿದರು. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ.